‘7ರಿಂದ 10 ದಿನ ಕುದಿಸಿ’ ಎನ್ನುವ ಕೊಂಬುಚಾ ಕಿಟ್: ಮೂರು ತಿಂಗಳ ಬಳಕೆಯ ನಂತರ

ಕೊಂಬುಚಾ ಎಂದರೆ ಸಿಹಿ ಚಹಾವನ್ನು ಹುದುಗಿಸಿ ಮಾಡುವ ಹುಳಿ ಪಾನೀಯ. ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳಲೆಂದು ಕಳೆದ ಡಿಸೆಂಬರ್‌ನಲ್ಲಿ ಆನ್‌ಲೈನ್ ಮೂಲಕ ತರಿಸಿಕೊಂಡ ಕಿಟ್‌ನ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಕೈಪಿಡಿಯ ಜೊತೆಗೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯೂ ಇತ್ತು. ಇಂಥ ಸಾಮಾನಿನ ಜೊತೆ ಕನ್ನಡದ ಹಾಳೆ ಬರುವುದೇ ಅಪರೂಪವಾದ್ದರಿಂದ ಮೊದಲು ಅದನ್ನೇ ಓದಿದೆ. ಎರಡನೆಯ ಹಂತದಲ್ಲಿ ‘ಚಹಾವನ್ನು 10 ನಿಮಿಷ ಕುದಿಸಿ’ ಎಂದಿತ್ತು. ಐದನೆಯ ಹಂತದಲ್ಲಿ ‘ಜಾರ್‌ಗೆ ಬಟ್ಟೆ ಕಟ್ಟಿ 7ರಿಂದ 10 ದಿನ ಕುದಿಸಿ’ ಎಂದಿತ್ತು. ಗಾಜಿನ ಜಾರ್‌ಗೆ ಬಟ್ಟೆ ಕಟ್ಟಿ ಹತ್ತು ದಿನ ಒಲೆಯ ಮೇಲಿಡುವ ಮನೆ ಯಾವುದಿರಬಹುದೆಂದು ನಕ್ಕು, ಅನುವಾದ ಯಂತ್ರದ ಕೆಲಸವಿರಬೇಕೆಂದುಕೊಂಡು ಇಂಗ್ಲಿಷ್ ಕೈಪಿಡಿಯನ್ನು ತೆರೆದೆ. ಅಲ್ಲಿ ಎರಡೂ ಕಡೆ ಇದ್ದದ್ದು ಒಂದೇ ಕ್ರಿಯಾಪದ: ಚಹಾವನ್ನು 10 ನಿಮಿಷ ‘ಬ್ರೂ’ ಮಾಡಿ, ಆಮೇಲೆ ಜಾರ್‌ನಲ್ಲಿ 7ರಿಂದ 10 ದಿನ ‘ಬ್ರೂ’ ಮಾಡಿ. ಅಂದಮೇಲೆ ತಪ್ಪು ಅನುವಾದದ್ದಷ್ಟೇ ಅಲ್ಲ. ಎರಡು ಬೇರೆ ಬೇರೆ ಕೆಲಸಗಳಿಗೆ ಒಂದೇ ಮಾತನ್ನು ಬಳಸಿದ ಮೂಲ ಕೈಪಿಡಿಯದ್ದೂ ಹೌದು. ಅದರ ಬೆಲೆಯನ್ನು ನಾನು ಮೊದಲ ಜಾರ್‌ನಲ್ಲಿಯೇ ತೆತ್ತೆ.

ಕಿಟ್‌ಗೆ ನಾನು ಕೊಟ್ಟದ್ದು 1,950 ರೂಪಾಯಿ. ಅದರಲ್ಲಿ ಬಂದದ್ದು ಮೂರು ಲೀಟರ್ ಹಿಡಿಸುವ ಗಾಜಿನ ಜಾರ್, ಅದರ ಬಾಯಿಗೆ ಕಟ್ಟಲು ತೆಳುವಾದ ಬಟ್ಟೆ ಮತ್ತು ರಬ್ಬರ್ ಬ್ಯಾಂಡ್, ಚಹಾಪುಡಿ, ಸಕ್ಕರೆ, ಪಿಎಚ್ (ಅಂದರೆ ಹುಳಿಯ ಮಟ್ಟ) ನೋಡುವ ಕಾಗದದ ಪಟ್ಟಿಗಳು, ಜಾರ್‌ನ ಹೊರಮೈಗೆ ಅಂಟಿಸುವ ಉಷ್ಣತೆಯ ಸ್ಟಿಕ್ಕರ್, ಮುಚ್ಚಳಕ್ಕೆ ತಂತಿಯ ಬಿಗಿ ಇರುವ ಎರಡು ಬಾಟಲಿ, ಇವೆಲ್ಲಕ್ಕಿಂತ ಮುಖ್ಯವಾಗಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುಮಾರು 200 ಮಿಲಿ ಹುಳಿ ದ್ರವ ಮತ್ತು ಅದರಲ್ಲಿ ಮುಳುಗಿದ ಒಂದು ಬಿಲ್ಲೆ. ಈ ಬಿಲ್ಲೆಗೆ ಸ್ಕೋಬಿ ಎನ್ನುತ್ತಾರೆ. ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳು ಒಂದನ್ನೊಂದು ಆಧರಿಸಿ ಬದುಕುವ ಕೂಟ ಎಂಬುದಕ್ಕೆ ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ನೋಡುವುದಕ್ಕೆ ಬೇಯಿಸದೆ ಬಿಟ್ಟ ಸೆಟ್ ದೋಸೆಯ ಹಾಗೆ, ಮುಟ್ಟುವುದಕ್ಕೆ ಎಳನೀರಿನ ಗಂಜಿ ತುಸು ಬಲಿತಂತೆ ಇರುತ್ತದೆ. ಬಿಲ್ಲೆಯೇ ಎಲ್ಲವನ್ನೂ ಮಾಡುತ್ತದೆಂದು ಕೈಪಿಡಿ ಹೇಳುತ್ತದೆ. ಅದು ಪೂರ್ತಿ ಸರಿಯಲ್ಲ: ಬಿಲ್ಲೆ ಬಹುಪಾಲು ಸೆಲ್ಯುಲೋಸ್, ಬ್ಯಾಕ್ಟೀರಿಯಾಗಳು ತಾವೇ ನೇಯ್ದುಕೊಂಡ ಚಾಪೆ. ಕೆಲಸ ಮಾಡುವ ಜೀವಿಗಳು ಆ ಹುಳಿ ದ್ರವದಲ್ಲಿಯೂ ಧಾರಾಳವಾಗಿ ಇರುತ್ತವೆ. ಆದ್ದರಿಂದ ಬಿಲ್ಲೆ ಚಿಕ್ಕದೆಂದು ಯಾರೂ ಬೇಸರಪಡಬೇಕಾಗಿಲ್ಲ, ದ್ರವ ಕಡಿಮೆಯಾದರೆ ಮಾತ್ರ ಚಿಂತಿಸಬೇಕು. ಎರಡೂವರೆ ಲೀಟರ್ ಚಹಾಕ್ಕೆ ಹತ್ತನೆಯ ಒಂದು ಭಾಗವಾದರೂ, ಅಂದರೆ 250 ಮಿಲಿ ಹಳೆಯ ಹುಳಿ ಬೇಕು. ಕಿಟ್ ಕೊಡುವ 200 ಮಿಲಿ ಜಿಪುಣತನದ ಅಳತೆ.

ಮೊದಲ ಸಲ ಕೈಪಿಡಿಯನ್ನು ಅಕ್ಷರಶಃ ಅನುಸರಿಸಿದೆ. ಎರಡೂವರೆ ಲೀಟರ್ ನೀರು ಕುದಿಸಿ, 15 ಗ್ರಾಂ ಚಹಾಪುಡಿ ಹಾಕಿ ಹತ್ತು ನಿಮಿಷ ಮುಚ್ಚಿಟ್ಟು, ಸೋಸಿ, 175 ಗ್ರಾಂ ಸಕ್ಕರೆ ಕರಗಿಸಿದೆ. ಮುಂದಿನ ಸಾಲಿನಲ್ಲಿ ‘ಬ್ರೂ ಸಿದ್ಧವಾದ ಮೇಲೆ ಕಲ್ಚರ್ ಸೇರಿಸಿ, ಸ್ಟಿಕ್ಕರ್ 24ರಿಂದ 30 ಡಿಗ್ರಿ ತೋರಿಸುತ್ತಿರಲಿ’ ಎಂದಿತ್ತು. ಕಲ್ಚರ್ ಎಂದರೆ ಚೀಲದಲ್ಲಿದ್ದ ಆ ಹುಳಿ ದ್ರವ ಮತ್ತು ಬಿಲ್ಲೆ. ರಾತ್ರಿ ಹತ್ತು ಗಂಟೆಯಾಗಿತ್ತು. ಬೇಗ ಆರಲೆಂದು ಚಹಾವನ್ನು ಜಾರ್‌ಗೆ ಸುರಿದು, ಜಾರ್ ಅನ್ನು ತಣ್ಣೀರಿನ ಟಬ್‌ನಲ್ಲಿಟ್ಟೆ. ಡಿಸೆಂಬರ್‌ನ ಮೈಸೂರಿನ ನಲ್ಲಿ ನೀರು ಹೇಗಿರುತ್ತದೆಂಬುದು ಇಲ್ಲಿಯವರಿಗೆ ಗೊತ್ತು. ಕಾಲು ಗಂಟೆಯಲ್ಲಿ ಸ್ಟಿಕ್ಕರ್‌ನ ಮೇಲೆ 28 ಎಂಬ ಅಂಕಿ ಹಸಿರಾಗಿ ಹೊಳೆಯಿತು. ಚೀಲ ಕತ್ತರಿಸಿ ಕಲ್ಚರ್ ಸುರಿದು, ಬಟ್ಟೆ ಕಟ್ಟಿ ಮಲಗಿದೆ. ಸ್ಟಿಕ್ಕರ್ ಅಳೆಯುತ್ತಿದ್ದದ್ದು ಟಬ್ಬಿನ ನೀರು ತಣಿಸಿದ ಗಾಜನ್ನೇ ಹೊರತು ಒಳಗಿನ ಚಹಾವನ್ನಲ್ಲ ಎಂಬುದು ಮಾರನೆಯ ಬೆಳಗ್ಗೆ ಅಮ್ಮ ಕೇಳಿದ ಮೇಲೆ ಹೊಳೆಯಿತು. ನಾನು ಮಾಡಿದ್ದನ್ನೆಲ್ಲ ವಿವರಿಸಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: “ಕಾಯ್ದ ಹಾಲಿಗೆ ಹೆಪ್ಪು ಹಾಕಿದ್ಯೇನೋ? ಬೆರಳಿಟ್ಟು ನೋಡೋಕ್ಕೇನಾಗಿತ್ತು?”

ಐದು ದಿನವಾದರೂ ಪಿಎಚ್ ಪಟ್ಟಿಯ ಬಣ್ಣ ಮೊದಲ ದಿನ ಇದ್ದಲ್ಲಿಯೇ ಇತ್ತು. ಸಿಹಿ ಒಂದಿಷ್ಟೂ ಇಳಿದಿರಲಿಲ್ಲ. ಎಂಟನೆಯ ದಿನ ಬಿಲ್ಲೆಯ ಮೇಲೆ, ನೀರಿನಿಂದ ಹೊರಗೆ ಉಳಿದ ಅಂಚಿನಲ್ಲಿ, ನಾಲ್ಕಾಣೆಯಗಲದ ಎರಡು ಬೂಷ್ಟಿನ ಚುಕ್ಕೆ ಕಂಡವು. ನಡುವೆ ಹಸಿರು, ಸುತ್ತ ಬಿಳಿಯ ಎಳೆ. ಕೊಂಬುಚಾಕ್ಕೆ ಬೂಷ್ಟು ಬಂದರೆ ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಹಾಗಿಲ್ಲ, ಬಿಲ್ಲೆಯ ಸಮೇತ ಎಲ್ಲವನ್ನೂ ಚೆಲ್ಲಬೇಕು. ಚೆಲ್ಲಿದೆ.

ಕಿಟ್‌ನ ಗುಣದೋಷಗಳನ್ನು ಹೇಳುವ ಮುನ್ನ ಈ ಎರಡು ಕೆಲಸಗಳ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಕೈಪಿಡಿಯಲ್ಲಿ ಇಲ್ಲದ್ದು ಅದೊಂದೇ. ಬ್ರೂ ಮಾಡುವುದೆಂದರೆ ಎಲೆ, ಬೀಜ, ಬೇರು ಅಥವಾ ಕಾಳಿನಲ್ಲಿರುವ ಸಾರವನ್ನು ನೀರಿಗೆ ಇಳಿಸಿಕೊಳ್ಳುವುದು. ಅಲ್ಲಿ ಕೆಲಸ ಮಾಡುವುದು ನೀರು ಮತ್ತು ಸಾಮಾನ್ಯವಾಗಿ ಬಿಸಿ. ಫರ್ಮೆಂಟ್ ಮಾಡುವುದೆಂದರೆ ಹಾಗೆ ಇಳಿದ ಸಾರವನ್ನೋ, ಹಾಲನ್ನೋ, ಹಿಟ್ಟನ್ನೋ ಸೂಕ್ಷ್ಮಜೀವಿಗಳ ಕೈಗೆ ಒಪ್ಪಿಸಿ ಅವು ಅದನ್ನು ಬೇರೊಂದು ವಸ್ತುವಾಗಿ ಮಾರ್ಪಡಿಸುವವರೆಗೆ ಕಾಯುವುದು. ಮೊದಲನೆಯದರಲ್ಲಿ ಎಲೆಯಲ್ಲಿ ಇದ್ದದ್ದು ನೀರಿಗೆ ಬರುತ್ತದೆ, ಎರಡನೆಯದರಲ್ಲಿ ಇಲ್ಲದ್ದು ಹುಟ್ಟುತ್ತದೆ. ಚಹಾದ ಒಗರು, ಬಣ್ಣ, ಕೆಫೀನ್ ಎಲ್ಲವೂ ಎಲೆಯಲ್ಲಿ ಮೊದಲೇ ಇದ್ದವು. ಕೊಂಬುಚಾದ ಹುಳಿ ಎಲೆಯಲ್ಲಿಯೂ ಇರಲಿಲ್ಲ, ಸಕ್ಕರೆಯಲ್ಲಿಯೂ ಇರಲಿಲ್ಲ. ಒಂದಕ್ಕೆ ಕುದಿನೀರು ಬೇಕು, ಇನ್ನೊಂದಕ್ಕೆ ಕುದಿನೀರು ಮೃತ್ಯು. ನಲವತ್ತು ಡಿಗ್ರಿ ದಾಟಿದರೆ ಕೊಂಬುಚಾದ ಬ್ಯಾಕ್ಟೀರಿಯಾಗಳು ಕಂಗೆಡುತ್ತವೆ, ಅರವತ್ತರ ಹತ್ತಿರ ಹೋದರೆ ಯೀಸ್ಟ್ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ.

ಈ ವ್ಯತ್ಯಾಸ ನಮ್ಮ ಅಡುಗೆಮನೆಗಳಲ್ಲಿ ಯಾರಿಗೂ ಹೊಸದಲ್ಲ, ಮಾತಿನಲ್ಲಿಯೂ ನಾವು ಅದನ್ನು ಎಂದೂ ಬೆರೆಸಿಲ್ಲ. ಡಿಕಾಕ್ಷನ್ ಇಳಿಸುತ್ತೇವೆ, ಕಷಾಯ ಕುದಿಸುತ್ತೇವೆ. ಹಾಲಿಗೆ ಹೆಪ್ಪು ಹಾಕುತ್ತೇವೆ, ಹಿಟ್ಟು ಹುದುಗು ಬಂದಿದೆಯೋ ಇಲ್ಲವೋ ಎಂದು ಬೆಳಗ್ಗೆ ಮುಚ್ಚಳ ತೆಗೆದು ನೋಡುತ್ತೇವೆ. ಡಿಕಾಕ್ಷನ್ ಹುದುಗಿತೆಂದಾಗಲಿ, ಮೊಸರು ಇಳಿಯಿತೆಂದಾಗಲಿ ಯಾರ ಬಾಯಲ್ಲಿಯೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಅಂಬಲಿ ಮಾಡುವ ಕ್ರಮವನ್ನೇ ನೋಡಿ: ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ ಗಂಜಿ ಕಾಯಿಸಿ, ಅದು ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ ಬೆರೆಸಿ ರಾತ್ರಿ ಮಡಕೆಯಲ್ಲಿಟ್ಟು ಬೆಳಗ್ಗೆ ಕುಡಿಯುತ್ತೇವೆ. ಕೊಂಬುಚಾದ ವಿಧಾನ ಅಂಬಲಿಯದ್ದೇ, ರಾಗಿಯ ಜಾಗದಲ್ಲಿ ಚಹಾ, ಮಜ್ಜಿಗೆಯ ಜಾಗದಲ್ಲಿ ಸ್ಕೋಬಿ.

ಆಯುರ್ವೇದದ ಔಷಧ ತಯಾರಿಕೆಯಲ್ಲಂತೂ ಈ ಭೇದಕ್ಕೆ ಹೆಸರುಗಳೇ ಇವೆ. ದ್ರವ್ಯಗಳನ್ನು ನೀರಿನಲ್ಲಿ ಕುದಿಸಿ, ಬತ್ತಿಸಿ, ಸೋಸಿದರೆ ಕಷಾಯ. ಆ ಕಷಾಯ ಆರಿದ ಮೇಲೆ ಬೆಲ್ಲವನ್ನೋ ಜೇನನ್ನೋ ಕೂಡಿಸಿ, ಧಾತಕಿ ಹೂವನ್ನು ಹಾಕಿ, ಪಾತ್ರೆಯ ಬಾಯಿ ಕಟ್ಟಿ ವಾರಗಟ್ಟಲೆ ಇಟ್ಟರೆ ಅರಿಷ್ಟ. ಕುದಿಸುವ ಗೊಡವೆಯಿಲ್ಲದೆ ದ್ರವ್ಯವನ್ನು ಹಾಗೆಯೇ ನೀರು-ಬೆಲ್ಲದಲ್ಲಿ ಹುದುಗಿಸಿದರೆ ಸಾಮಾನ್ಯವಾಗಿ ಅದು ಆಸವ. ಹುದುಗಿಸುವ ಕ್ರಿಯೆಗೆ ಸಂಧಾನ ಎಂಬ ಪ್ರತ್ಯೇಕ ಪದವೂ ಇದೆ. ಬಾಣಂತಿಗೆ ಕೊಡುವ ದಶಮೂಲಾರಿಷ್ಟ ಮೊದಲು ಕುದಿದು ಆಮೇಲೆ ಹುದುಗಿದ್ದು, ಕುಮಾರ್ಯಾಸವ ಹೆಸರಿನಲ್ಲಿಯೇ ಆಸವ. ಕನ್ನಡದ ಹಾಳೆಯನ್ನು ಬರೆದವರು ಮನೆಯ ಔಷಧದ ಕಪಾಟಿನಲ್ಲಿರುವ ಎರಡು ಸೀಸೆಗಳ ಲೇಬಲ್ ಓದಿದ್ದರೂ ‘ಕುದಿಸಿ’ ಎಂಬ ಪದ ಎರಡನೆಯ ಸಲ ಬರುತ್ತಿರಲಿಲ್ಲ.

ಹಾಗಾದರೆ ಇಂಗ್ಲಿಷ್ ಕೈಪಿಡಿ ಎರಡಕ್ಕೂ ಒಂದೇ ಪದ ಬಳಸಿದ್ದೇಕೆ? ಕಾರಣ ಬಿಯರ್. ಬಿಯರ್ ತಯಾರಿಸುವ ಇಡೀ ಉದ್ಯಮಕ್ಕೆ ಬ್ರೂಯಿಂಗ್ ಎಂಬ ಹೆಸರು ನೂರಾರು ವರ್ಷಗಳಿಂದ ನಿಂತುಹೋಗಿದೆ. ಆದರೆ ಆ ಉದ್ಯಮದ ಒಳಗೆ ಕೆಲಸ ಮಾಡುವವರು ಎರಡನ್ನು ಬೆರೆಸುವುದಿಲ್ಲ. ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಗಾಜಿನ ಗೋಡೆಯ ಹಿಂದೆ ಕಾಣುವ ತಾಮ್ರದ ಅಥವಾ ಸ್ಟೀಲಿನ ಪಾತ್ರೆಗಳನ್ನು ಗಮನಿಸಿದರೆ ಎರಡು ಗುಂಪು ಕಾಣುತ್ತವೆ. ಒಂದು ಗುಂಪಿನಲ್ಲಿ ನುರಿದ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಸುಮಾರು 62ರಿಂದ 68 ಡಿಗ್ರಿಯ ನೀರಿನಲ್ಲಿ ಒಂದು ಗಂಟೆಯ ಮಟ್ಟಿಗೆ ನೆನೆಹಾಕುತ್ತಾರೆ. ಕಾಳಿನಲ್ಲಿಯೇ ಇರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಿಹಿನೀರನ್ನು ಬಸಿದು, ಹಾಪ್ಸ್ ಹೂ ಹಾಕಿ, ಮತ್ತೊಂದು ಗಂಟೆ ಕುದಿಸುತ್ತಾರೆ. ಈ ಸಿಹಿನೀರಿಗೆ ವರ್ಟ್ ಎಂದು ಹೆಸರು. ಇದೆಲ್ಲ ನಡೆಯುವುದು ಒಂದೇ ದಿನದಲ್ಲಿ. ಆಮೇಲೆ ವರ್ಟನ್ನು ಥಟ್ಟನೆ ತಣಿಸಿ ಎರಡನೆಯ ಗುಂಪಿನ, ಅಡಿ ಶಂಕುವಿನಾಕಾರಕ್ಕೆ ಇಳಿದ ಎತ್ತರದ ಪಾತ್ರೆಗಳಿಗೆ ಸಾಗಿಸಿ ಯೀಸ್ಟ್ ಬೆರೆಸುತ್ತಾರೆ. ಏಲ್ ಎಂಬ ಬಗೆಯ ಬಿಯರ್ ಆದರೆ 20 ಡಿಗ್ರಿಯ ಆಸುಪಾಸಿನಲ್ಲಿ, ಲಾಗರ್ ಎಂಬ ಬಗೆಯದಾದರೆ 10 ಡಿಗ್ರಿಯ ಆಸುಪಾಸಿನಲ್ಲಿ ಅದು ದಿನಗಟ್ಟಲೆ, ವಾರಗಟ್ಟಲೆ ಅಲ್ಲಿರುತ್ತದೆ. ಮೊದಲನೆಯದು ‘ಹಾಟ್ ಸೈಡ್’, ಎರಡನೆಯದು ‘ಕೋಲ್ಡ್ ಸೈಡ್’. ಬ್ರೂವರ್ ಮಾಡುವುದು ವರ್ಟ್ ಮಾತ್ರ, ಬಿಯರ್ ಮಾಡುವುದು ಯೀಸ್ಟ್ ಎಂಬ ಮಾತು ಆ ವೃತ್ತಿಯಲ್ಲಿ ಹಳೆಯದು. ಹೊರಗಿನವರಿಗೆ ಕಂಡದ್ದು ಉದ್ಯಮದ ಹೆಸರು ಮಾತ್ರ, ಅದನ್ನೇ ಎತ್ತಿಕೊಂಡು ಕೊಂಬುಚಾದವರು ತಮ್ಮ ಜಾರ್‌ಗೂ ಹಚ್ಚಿದರು.

ಹುದುಗಿದ್ದೆಲ್ಲ ಬ್ರೂ ಆಗಬೇಕಾಗಿಲ್ಲ ಎಂಬುದಕ್ಕೆ ವೈನ್ ಸಾಕ್ಷಿ. ದ್ರಾಕ್ಷಿಯನ್ನು ಹಿಂಡಿದರೆ ರಸ ತಾನಾಗಿ ಬರುವಾಗ ಬಿಸಿನೀರಿನಲ್ಲಿ ಸಾರ ಇಳಿಸುವ ಅಗತ್ಯವೇ ಇಲ್ಲ, ಆದ್ದರಿಂದ ವೈನನ್ನು ಯಾರೂ ‘ಬ್ರೂ’ ಮಾಡುವುದಿಲ್ಲ. ಇನ್ನೂ ಹತ್ತಿರದ ಸಾಕ್ಷಿ ನೀರಾ. ಮರದಿಂದ ಇಳಿಸಿದ ಸಿಹಿ ನೀರಾ ಬಿಸಿಲೇರುವಷ್ಟರಲ್ಲಿ, ಗಾಳಿಯಲ್ಲಿ ಮತ್ತು ಮಡಕೆಯಲ್ಲಿ ಇರುವ ಯೀಸ್ಟಿನಿಂದಲೇ, ಹೆಂಡವಾಗತೊಡಗುತ್ತದೆ. ಅಲ್ಲಿ ಒಲೆಯೂ ಇಲ್ಲ, ಹೆಪ್ಪು ಹಾಕುವವರೂ ಇಲ್ಲ. ಹಾಗೆಯೇ ಹೆಚ್ಚು ಹೊತ್ತು ಹಿಡಿಯಿತೆಂದ ಮಾತ್ರಕ್ಕೆ ಅದು ಹುದುಗುವಿಕೆಯಾಗುವುದಿಲ್ಲ. ಈಗ ಎಲ್ಲೆಡೆ ಸಿಗುವ ಕೋಲ್ಡ್ ಬ್ರೂ ಕಾಫಿಯನ್ನು ತಣ್ಣೀರಿನಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ಕಾಲ ನೆನೆಸಿಡುತ್ತಾರೆ. ಹಾಗಿದ್ದರೂ ಅದು ಸಾರ ಇಳಿಸುವ ಕೆಲಸವೇ, ಬಿಸಿಯ ಕೊರತೆಯನ್ನು ಸಮಯ ತುಂಬುತ್ತದೆ, ಅಷ್ಟೇ. ಅಲ್ಲಿ ಏನಾದರೂ ಹುದುಗತೊಡಗಿದರೆ ಕಾಫಿ ಕೆಟ್ಟಿತೆಂದು ಅರ್ಥ.

ಕೈಪಿಡಿಯ ಹನ್ನೊಂದನೆಯ ಪುಟದಲ್ಲಿ ಇನ್ನೊಂದು ಎಡವಟ್ಟಿದೆ. ‘ಕಪ್ಪು ಚಹಾ ಮೊದಲೇ ಫರ್ಮೆಂಟ್ ಆಗಿರುವುದರಿಂದ ಕೊಂಬುಚಾಕ್ಕೆ ಅತ್ಯುತ್ತಮ’ ಎಂದು ಅಲ್ಲಿ ಬರೆದಿದ್ದಾರೆ. ಕೊಂಬುಚಾಕ್ಕೆ ಕಪ್ಪು ಚಹಾ ಒಳ್ಳೆಯದೆಂಬುದು ನಿಜ, ಕೊಟ್ಟ ಕಾರಣ ಸುಳ್ಳು. ಚಹಾ ಕಾರ್ಖಾನೆಗಳಲ್ಲಿ ಬಾಡಿಸಿ ಹೊಸೆದ ಎಲೆಯನ್ನು ಹರಡಿ ಕಪ್ಪಾಗಲು ಬಿಡುವ ಹಂತಕ್ಕೆ ಇಂದಿಗೂ ಫರ್ಮೆಂಟಿಂಗ್ ಎಂದೇ ಹೇಳುವ ರೂಢಿಯಿದೆ, ನಿಜ. ಆದರೆ ಅಲ್ಲಿ ನಡೆಯುವುದು ಎಲೆಯದ್ದೇ ಕಿಣ್ವ ಗಾಳಿಯ ಆಮ್ಲಜನಕದೊಡನೆ ಸೇರಿ ಮಾಡುವ ಉತ್ಕರ್ಷಣ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವ ಬಗೆಯದ್ದು ಅದು. ಸೂಕ್ಷ್ಮಜೀವಿಗಳಿಂದ ನಿಜವಾಗಿಯೂ ಹುದುಗಿದ ಚಹಾ ಎಂದರೆ ಚೀನಾದ ಯುನ್ನಾನ್ ಪ್ರಾಂತ್ಯದ ಪು-ಅರ್‌ನಂಥವು. ಇದಕ್ಕೆ ಪೂರ್ತಿ ತಿರುಗುಮುರುಗಾದದ್ದು ಕಾಫಿಯ ಕತೆ. ಕಾಫಿ ಹುದುಗುತ್ತದೆಂದು ಕುಡಿಯುವವರಲ್ಲಿ ಬಹುಪಾಲು ಮಂದಿಗೆ ತಿಳಿದಿಲ್ಲ, ಆದರೆ ಚಿಕ್ಕಮಗಳೂರು-ಕೊಡಗಿನ ತೋಟಗಳಲ್ಲಿ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿದ ಹಣ್ಣಿನ ಬೀಜವನ್ನು, ಅದಕ್ಕಂಟಿದ ಲೋಳೆ ಬಿಡುವ ತನಕ, ತೊಟ್ಟಿಗಳಲ್ಲಿ ಹುದುಗಲು ಬಿಟ್ಟು ಆಮೇಲೆ ತೊಳೆದು ಕಣದಲ್ಲಿ ಒಣಗಿಸುವುದು ಹಳೆಯ ಪದ್ಧತಿ. ಹಣ್ಣನ್ನು ಇಡಿಯಾಗಿ ಒಣಗಿಸಿದ ಚೆರಿ ಕಾಫಿಗೂ ಹೀಗೆ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಗೂ ರುಚಿಯಲ್ಲಿರುವ ಅಂತರಕ್ಕೆ ಈ ಹಂತವೂ ಒಂದು ಕಾರಣ. ಅಂದರೆ ಬಿಯರ್‌ನಲ್ಲಿಯೂ ಕೊಂಬುಚಾದಲ್ಲಿಯೂ ಮೊದಲು ಸಾರ ಇಳಿಯುತ್ತದೆ, ಆಮೇಲೆ ಹುದುಗುತ್ತದೆ. ನಮ್ಮ ಫಿಲ್ಟರ್ ಕಾಫಿ ಮೊದಲು ತೋಟದಲ್ಲಿ ಹುದುಗಿ, ಹುರಿದು ಪುಡಿಯಾಗಿ, ಕೊನೆಗೆ ನಮ್ಮ ಅಡುಗೆಮನೆಯ ಫಿಲ್ಟರ್‌ನಲ್ಲಿ ಇಳಿಯುತ್ತದೆ.

ಮಾರಿದವರಿಗೆ ಜಾರ್‌ನ ಚಿತ್ರ ಕಳುಹಿಸಿ ದೂರು ಬರೆದೆ. ಎರಡು ದಿನದೊಳಗೆ ವಿನಯದಿಂದ ಉತ್ತರ ಬಂತು, ಸಾಗಣೆಯ ವೆಚ್ಚವನ್ನು ಮಾತ್ರ ಪಡೆದು ಹೊಸ ಕಲ್ಚರ್ ಕಳುಹಿಸಿದರು. ಸೇವೆಯ ವಿಷಯದಲ್ಲಿ ದೂರಲು ಏನೂ ಇಲ್ಲ. ಕೈಪಿಡಿಯ ತಪ್ಪುಗಳನ್ನು ಪಟ್ಟಿ ಮಾಡಿ ಕಳುಹಿಸಿದ್ದಕ್ಕೆ ‘ಸಂಬಂಧಪಟ್ಟ ತಂಡಕ್ಕೆ ತಿಳಿಸಿದ್ದೇವೆ’ ಎಂದರು.

ಎರಡನೆಯ ಜಾರ್ ಹಾಕಿದ್ದು ಫೆಬ್ರುವರಿಯ ಕೊನೆಯಲ್ಲಿ, ಮನೆಯೊಳಗಿನ ಉಷ್ಣತೆ 26ರಿಂದ 29ರ ನಡುವೆ ಇದ್ದಾಗ. ಈ ಸಲ ಒಂದು ಲೀಟರ್ ಕುದಿನೀರಿನಲ್ಲಿ ಮಾತ್ರ ಗಟ್ಟಿಯಾಗಿ ಚಹಾ ಇಳಿಸಿ, ಸಕ್ಕರೆ ಕರಗಿಸಿ, ಮೊದಲೇ ಕುದಿಸಿ ಆರಿಸಿಟ್ಟ ನೀರನ್ನು ಅದಕ್ಕೆ ಸೇರಿಸಿದೆ. ಆರಲು ಬಿಟ್ಟು, ತೊಳೆದ ಬೆರಳನ್ನು ಒಳಗಿಟ್ಟು ನೋಡಿದೆ. ಬಿಸಿ ಎನ್ನಿಸಲಿಲ್ಲ, ತಣ್ಣಗೂ ಎನ್ನಿಸಲಿಲ್ಲ. ಆಮೇಲೆ ಕಲ್ಚರ್ ಹಾಕಿದೆ. ಕಿಟ್‌ನ ಬಟ್ಟೆಯ ಹೆಣಿಗೆ ಎಷ್ಟು ಸಡಿಲವೆಂದರೆ ಬಾಳೆಹಣ್ಣಿನ ಸುತ್ತ ಹಾರುವ ಸಣ್ಣ ನೊಣ ಅದರಲ್ಲಿ ಸಲೀಸಾಗಿ ನುಗ್ಗುತ್ತದೆ, ಹುಳಿಯ ವಾಸನೆಗೆ ಅವು ಬಂದೇ ಬರುತ್ತವೆ. ಹಳೆಯ ಪಂಚೆಯ ತುಂಡೊಂದನ್ನು ಎರಡು ಮಡಿಕೆ ಮಾಡಿ ಕಟ್ಟಿ, ಬಿಸಿಲು ಬೀಳದ ಮೂಲೆಯಲ್ಲಿಟ್ಟೆ.

ಮೂರನೆಯ ದಿನ ಚಹಾದ ಮೇಲೆ ಒಂದು ಮಸುಕು ಹರಡಿತು, ಕಾಯಿಸಿದ ಹಾಲು ಆರುವಾಗ ಕಟ್ಟುವ ಮೊದಲ ಕೆನೆಯಷ್ಟು ತೆಳು. ಹಳೆಯ ಬಿಲ್ಲೆ ಅಡ್ಡಡ್ಡವಾಗಿ ಕೆಳಗೆ ತೂಗಾಡುತ್ತಿತ್ತು, ಅದರಿಂದ ಕಂದು ಬಣ್ಣದ ಎಳೆಗಳು ಜೋತುಬಿದ್ದಿದ್ದವು. ನೋಡಲು ಅಸಹ್ಯವೆನ್ನಿಸುವ ಈ ಎಳೆಗಳು ಯೀಸ್ಟಿನ ಗುಂಪುಗಳು, ಹೆದರಬೇಕಾಗಿಲ್ಲ. ಐದನೆಯ ದಿನ ಮಸುಕು ಬಿಳಿಯ ಪದರವಾಯಿತು, ಕೆಳಗೆ ಅಲ್ಲಲ್ಲಿ ಗುಳ್ಳೆ ಸಿಕ್ಕಿಕೊಂಡು ಪದರ ಉಬ್ಬಿತ್ತು. ಯೀಸ್ಟ್ ಸಕ್ಕರೆಯನ್ನು ಒಡೆದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತಿದೆ, ಆ ಆಲ್ಕೋಹಾಲನ್ನು ಬ್ಯಾಕ್ಟೀರಿಯಾಗಳು ಗಾಳಿಯ ನೆರವಿನಿಂದ ಅಸಿಟಿಕ್ ಆಮ್ಲವನ್ನಾಗಿ ಮಾಡುತ್ತಿವೆ ಎಂಬುದರ ಗುರುತು ಅದು. ಬಟ್ಟೆ ಕಟ್ಟುವುದು ಏಕೆ, ಮುಚ್ಚಳ ಹಾಕಿ ಬಿಗಿಯಬಾರದೇಕೆ ಎಂಬುದಕ್ಕೆ ಉತ್ತರವೂ ಇದೇ. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಹುದುಗುವಿಕೆಯನ್ನು ಗಾಳಿಯಿಲ್ಲದ ಬದುಕು ಎಂದು ಕಂಡವನು. ಆ ಕಟ್ಟುನಿಟ್ಟಿನ ಅರ್ಥದಲ್ಲಿ ಕೊಂಬುಚಾದ ಅರ್ಧ ಕೆಲಸ ಮಾತ್ರ ಹುದುಗುವಿಕೆ, ಉಳಿದರ್ಧ ಉತ್ಕರ್ಷಣ. ಅಡುಗೆಮನೆಯ ಭಾಷೆಗೆ ಅಷ್ಟು ಕಟ್ಟುನಿಟ್ಟು ಬೇಡ. ಇಡ್ಲಿ ಹಿಟ್ಟಿನಲ್ಲಿ ಗಾಳಿ ತುಂಬುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ, ಕೊಂಬುಚಾದಲ್ಲಿ ಗುಳ್ಳೆ ಎಬ್ಬಿಸುವುದು ಯೀಸ್ಟ್. ನಾವು ಎರಡಕ್ಕೂ ಹುದುಗು ಬಂತು ಎನ್ನುತ್ತೇವೆ, ಅದರಿಂದ ಯಾರ ಇಡ್ಲಿಯೂ ಕೆಟ್ಟಿಲ್ಲ.

ಒಂಬತ್ತನೆಯ ದಿನ ಸ್ಟ್ರಾ ಇಳಿಸಿ ರುಚಿ ನೋಡಿದೆ. ಮೊದಲು ಹುಳಿ, ಅದರ ಬೆನ್ನಿಗೇ ಸ್ವಲ್ಪ ಸಿಹಿ, ಕೊನೆಯಲ್ಲಿ ಚಹಾದ ತೆಳುವಾದ ಒಗರು. ತೊಳೆದಿಟ್ಟ ಸೇಬಿನ ಸಿಪ್ಪೆಯಂಥ ಒಂದು ವಾಸನೆ. ನನಗೆ ಹಿಡಿಸಿತು. ಅಮ್ಮ ಒಂದು ಗುಟುಕು ಕುಡಿದು “ಚೆನ್ನಾಗಿದೆ, ಆದರೆ ಇದಕ್ಕಿಂತ ಮಜ್ಜಿಗೆ ವಾಸಿ” ಎಂದರು. ಪಿಎಚ್ ಪಟ್ಟಿಯನ್ನು ಅದ್ದಿದರೆ 3 ಮತ್ತು 4ರ ನಡುವಿನ ಯಾವುದೋ ಬಣ್ಣ ಬಂತು. 1ರಿಂದ 14ರವರೆಗೆ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ತೋರಿಸುವ ಈ ಅಗ್ಗದ ಕಾಗದದಿಂದ 2.8ಕ್ಕೂ 3.5ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಕೊಂಬುಚಾಕ್ಕೆ ಬೇಕಾದದ್ದೋ ಅದೇ ವ್ಯತ್ಯಾಸ. ಕಡಿಮೆ ವ್ಯಾಪ್ತಿಯ ಪಟ್ಟಿ ಕೊಟ್ಟಿದ್ದರೆ ಉಪಯೋಗವಾಗುತ್ತಿತ್ತು.

ಬಾಟಲಿಗಳ ವಿಷಯದಲ್ಲಿ ನಾನು ಇನ್ನೂ ಕಟುವಾಗಿ ಬರೆಯಬೇಕಾಗಿದೆ. ಗುಳ್ಳೆ ಬೇಕಾದವರು ಹುಳಿಯಾದ ಕೊಂಬುಚಾವನ್ನು ಶುಂಠಿ ಅಥವಾ ಹಣ್ಣಿನ ಚೂರಿನ ಜೊತೆ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಎರಡು ಮೂರು ದಿನ ಹೊರಗಿಡುತ್ತಾರೆ. ಯೀಸ್ಟ್ ಉಳಿದ ಸಕ್ಕರೆಯನ್ನು ತಿಂದು ಮಾಡುವ ಅನಿಲ ಹೊರಹೋಗಲು ದಾರಿಯಿಲ್ಲದೆ ದ್ರವದಲ್ಲಿ ಕರಗುತ್ತದೆ. ಗೋಲಿ ಸೋಡಾದಲ್ಲಿ ಯಂತ್ರ ತುಂಬುವ ಅನಿಲವೇ ಇದು, ಆದರೆ ಸೋಡಾದಲ್ಲಿ ತುಂಬಿದಷ್ಟೇ ಇರುತ್ತದೆ, ಇಲ್ಲಿ ಯೀಸ್ಟ್‌ಗೆ ಸಾಕು ಎನ್ನುವವರು ಯಾರೂ ಇರುವುದಿಲ್ಲ. ಗೋಲಿ ಸೋಡಾದ ಬಾಟಲಿ ಎಷ್ಟು ದಪ್ಪವಿರುತ್ತದೆಂದು ಕೈಯಲ್ಲಿ ಹಿಡಿದವರಿಗೆಲ್ಲ ಗೊತ್ತು. ಕಿಟ್‌ನವರು ಕೊಟ್ಟಿರುವುದು ನಾಲ್ಕು ಮೂಲೆಯ, ತೆಳು ಗಾಜಿನ, ಊಟದ ಮೇಜಿನ ಮೇಲೆ ಚೆಂದ ಕಾಣುವ ಬಾಟಲಿ. ಒಳಗಿನ ಒತ್ತಡವನ್ನು ದುಂಡನೆಯ ಬಾಟಲಿ ಸಮನಾಗಿ ಹಂಚಿಕೊಳ್ಳುತ್ತದೆ, ಚೌಕದ ಬಾಟಲಿ ಒಡೆಯುವ ಸಂಭವ ಹೆಚ್ಚು. ನಾನು ಅವನ್ನು ಎಣ್ಣೆ ತುಂಬಿಡಲು ಅಡುಗೆಮನೆಗೆ ಕೊಟ್ಟು, ದುಂಡನೆಯ ದಪ್ಪ ಬಾಟಲಿಗಳನ್ನು ಬೇರೆ ತಂದೆ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಅನಿಲ ಬಿಟ್ಟು, ಮೂರನೆಯ ದಿನ ಫ್ರಿಜ್‌ಗೆ ಸೇರಿಸಿದೆ. ಕೈಪಿಡಿಯಲ್ಲಿ ಈ ಎಚ್ಚರಿಕೆ ಕೊನೆಯ ಪುಟದಲ್ಲಿ, ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿದೆ. ಕನ್ನಡದ ಹಾಳೆಯಲ್ಲಿ ಇಲ್ಲವೇ ಇಲ್ಲ.

ಪೆಟ್ಟಿಗೆಯ ಮೇಲೆ ‘ಆಲ್ಕೋಹಾಲ್ ರಹಿತ’ ಎಂದು ಅಚ್ಚಾಗಿದೆ. ಯೀಸ್ಟ್ ಕೆಲಸ ಮಾಡುವ ಕಡೆ ಆಲ್ಕೋಹಾಲ್ ಒಂದಿಷ್ಟಾದರೂ ಹುಟ್ಟುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ಶೇಕಡಾ 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವುದನ್ನು ಮದ್ಯದ ಪಾನೀಯವೆಂದು ಎಣಿಸುತ್ತವೆ. ಕಾರ್ಖಾನೆಯಲ್ಲಿ ತುಂಬಿದ ಬಾಟಲಿಯನ್ನು ಪರೀಕ್ಷಿಸಿ ಆ ಗೆರೆಯೊಳಗಿದೆ ಎಂದು ಹೇಳಬಹುದು. ನಾನು ನನ್ನ ಮನೆಯ ಮೂಲೆಯಲ್ಲಿ ಹುದುಗಿಸುವ ಚಹಾದ ಬಗ್ಗೆ ಕಿಟ್ ಮಾರುವವರು ಹಾಗೆ ಭರವಸೆ ಕೊಡುವುದು ಸಾಧ್ಯವಿಲ್ಲ, ಅದರಲ್ಲಿಯೂ ಮುಚ್ಚಿದ ಬಾಟಲಿಯ ಎರಡನೆಯ ಸುತ್ತಿನಲ್ಲಿ ಈ ಪ್ರಮಾಣ ಏರುತ್ತದೆ. ಅರಿಷ್ಟದ ಸೀಸೆಗಳ ಮೇಲೆ ‘ಸ್ವಯಂಜನ್ಯ ಆಲ್ಕೋಹಾಲ್’ ಇದೆಯೆಂದು ಮುದ್ರಿಸುವಷ್ಟು ಪ್ರಾಮಾಣಿಕತೆ ಇಲ್ಲಿಯೂ ಇರಬೇಕಿತ್ತು. ಮದ್ಯವನ್ನು ಪೂರ್ತಿ ವರ್ಜಿಸಿದವರು, ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಮನೆಯ ಕೊಂಬುಚಾದಿಂದ ದೂರವಿರುವುದು ಒಳ್ಳೆಯದು. ಪೆಟ್ಟಿಗೆಯ ಇನ್ನೊಂದು ಮಗ್ಗುಲಲ್ಲಿರುವ ಆರೋಗ್ಯದ ಒಂಬತ್ತು ಲಾಭಗಳನ್ನು ನಾನು ಓದಿ ಬಿಟ್ಟೆ.

ಇಷ್ಟಾದ ಮೇಲೆ ಕಿಟ್ ಕೊಳ್ಳಬಹುದೇ ಎಂದರೆ, ಕಲ್ಚರ್ ಉತ್ತಮವಾಗಿದೆ, ಜಾರ್ ಗಟ್ಟಿಯಾಗಿದೆ, ಗ್ರಾಹಕ ಸೇವೆ ಸಭ್ಯವಾಗಿದೆ. ಬಟ್ಟೆ, ಪಟ್ಟಿ, ಸ್ಟಿಕ್ಕರ್, ಬಾಟಲಿ ಮತ್ತು ಕೈಪಿಡಿ ಉಪಯೋಗಕ್ಕಿಲ್ಲ. ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ, ಆ ಅರ್ಧ ಅಂಕ ತಪ್ಪೋ ಒಪ್ಪೋ ಕನ್ನಡದಲ್ಲಿ ಒಂದು ಹಾಳೆ ಹಾಕಿದ್ದಕ್ಕೆ. ಅದೇ ಮಾರಾಟಗಾರರಲ್ಲಿ ಕಲ್ಚರ್ ಬಿಡಿಯಾಗಿ 450 ರೂಪಾಯಿಗೆ ಸಿಗುತ್ತದೆ. ಉಪ್ಪಿನಕಾಯಿಯ ಖಾಲಿ ಗಾಜಿನ ಭರಣಿಯೊಂದು ಮನೆಯಲ್ಲಿದ್ದರೆ, ಅದರಲ್ಲಿ ಎಣ್ಣೆಯ ಮತ್ತು ಖಾರದ ವಾಸನೆ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಕಲ್ಚರ್ ಮಾತ್ರ ತರಿಸಿಕೊಳ್ಳಿ. ಆಮೇಲಿನ ಪ್ರತಿ ಜಾರ್‌ಗೆ ಚಹಾ ಮತ್ತು ಸಕ್ಕರೆ ಸೇರಿ ಇಪ್ಪತ್ತು ರೂಪಾಯಿಯ ಆಸುಪಾಸು ಖರ್ಚು ಬೀಳುತ್ತದೆ, ಹಿಂದಿನ ಜಾರ್‌ನಿಂದ ಎರಡು ಲೋಟ ಹುಳಿ ತೆಗೆದಿಟ್ಟರೆ ಮುಂದಿನದಕ್ಕೆ ಹೆಪ್ಪು ಆಯಿತು. ನನ್ನಲ್ಲಿ ಈಗ ಬಿಲ್ಲೆಗಳು ಮೂರಾಗಿವೆ. ಒಂದನ್ನು ಪಕ್ಕದ ಮನೆಯವರು ಒಯ್ದಿದ್ದಾರೆ, ಅವರಿಗೆ ಕೈಪಿಡಿಯ ಬದಲು ‘ಚಹಾ ಕುದಿಸಿ, ಸೋಸಿ, ಆರಿಸಿ, ಹೆಪ್ಪು ಹಾಕಿ, ಬಟ್ಟೆ ಕಟ್ಟಿ ಒಂಬತ್ತು ದಿನ ಬಿಡಿ’ ಎಂದು ಚೀಟಿ ಬರೆದುಕೊಟ್ಟಿದ್ದೇನೆ. ‘ಆರಿಸಿ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.